ಚಾಮಣ್ಣನ ಮೀಸೆ, ಸಿದ್ದಮ್ಮಕ್ಕನ ನಿದ್ದೆ

ಚಾಮಣ್ಣ ಮೀಸೆ ಬೋಳಿಸಿಕೊಂಡ ದಿನ ಬೆಟ್ಟದಪುರದಲ್ಲಿ ಅವನ ಹೆಂಡತಿ ಸತ್ತುಹೋದಳು.

ನಿಜಕ್ಕೂ ಸತ್ತಿರಲಿಲ್ಲ. ಎಚ್.ಡಿ. ಕೋಟೆಯ ಆಚೆ, ಕೇರಳದ ಗಡಿ ಹತ್ತಿರದ ಎನ್. ಬೇಗೂರಿನಲ್ಲಿ, ಅಣ್ಣನ ಮನೆಯ ಜಗಲಿಯ ಮೇಲೆ ಕೂತು ಶುಂಠಿಯ ಮಣ್ಣು ಬಿಡಿಸುತ್ತಿದ್ದಳು. ಆದರೆ ನಮ್ಮೂರಿನ ಲೆಕ್ಕವೇ ಬೇರೆ. ಐವತ್ತು ದಾಟಿದ ಗಂಡಸು ಇದ್ದಕ್ಕಿದ್ದಂತೆ ಮೀಸೆ ತೆಗೆಸಿದ ಎಂದರೆ ಆ ಮನೆಯಲ್ಲಿ ಒಂದು ಸಾವಾಗಿದೆ ಎಂದೇ ಅರ್ಥ. ಚಾಮಣ್ಣನ ಅಪ್ಪ ಹೋಗಿ ಬಹಳ ಕಾಲವಾಯಿತು. ಅವ್ವ ಚಿಕ್ಕಬಸಮ್ಮನ ತಿಥಿಯನ್ನೂ ಊರು ಉಂಡಾಗಿದೆ. ಮಗಳು ಮದುವೆಯಾಗಿ ಬೇರೆ ಮನೆ ಸೇರಿದವಳು. ಇನ್ನುಳಿದವಳು ತವರು ಸೇರಿದ ಹೆಂಡತಿ ಒಬ್ಬಳೇ. ಹಾಗಾಗಿ ಅವಳೇ ಸತ್ತಳು.

ಸುದ್ದಿ ಕಟಿಂಗ್ ಶಾಪಿನಿಂದ ಬಸ್ ಸ್ಟ್ಯಾಂಡಿಗೆ ಬರಲು ಎಷ್ಟು ಹೊತ್ತು? ದಿನಸಿ ಅಂಗಡಿಯ ರೇಣುಕಾಪ್ರಸಾದ್ ಯಾರ ಮನೆಯ ಸಾವಿಗೂ ಮೊದಲು ಹೋಗಿ ನಿಲ್ಲುವ ಮನುಷ್ಯ. ಅವನು ಎನ್. ಬೇಗೂರಿಗೆ ಫೋನ್ ಹಚ್ಚಿ, "ಮಣ್ಣು ಎಷ್ಟೊತ್ಗೆ ಕಣವ್ವಾ?" ಎಂದು ಕೇಳಿದ.

"ಯಾರ ಮಣ್ಣು?" ಎಂದಿತು ಆ ಕಡೆಯ ದನಿ.

"ಚಿಕ್ಕಸಿದ್ದಮ್ಮಂದು. ನೀವ್ಯಾರು ಮಾತಾಡ್ತಿರೋದು?"

"ಚಿಕ್ಕಸಿದ್ದಮ್ಮನೇ ಮಾತಾಡ್ತಿರೋದು ಕಣಪ್ಪ."

ಊರು ಒಂದು ವಾರ ನಕ್ಕಿತು. ನನಗೆ ನಗು ಬರಲಿಲ್ಲ. ನಾನು ಪಿರಿಯಾಪಟ್ಟಣದ ಟೌನಿನಲ್ಲಿ ಹುಟ್ಟಿ ಈ ಊರಿಗೆ ಸೊಸೆಯಾಗಿ ಬಂದವಳು. ಚಾಮಣ್ಣನ ಮನೆ ಎದುರಿಗೇ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತೇನೆ. ಚಿಕ್ಕಸಿದ್ದಮ್ಮ ನನಗೆ ಸಿದ್ದಮ್ಮಕ್ಕ. ನನಗಿಂತ ದೊಡ್ಡವಳು, ಆದರೂ ಈ ಬೀದಿಯಲ್ಲಿ ನನಗಿದ್ದ ಗೆಳತಿ ಅವಳೊಬ್ಬಳೇ. ಅವಳ ನಿದ್ದೆಯ ಕಥೆ ಯಾರಿಗಾದರೂ ಗೊತ್ತಿದ್ದರೆ ನನಗೇ ಗೊತ್ತಿರಬೇಕು.

ಚಾಮಣ್ಣ ಹೊಗೆಸೊಪ್ಪಿನ ಬ್ಯಾರನ್ನಿಗೆ ಬೆಂಕಿ ಹಾಕುವವನು. ಈ ಕಡೆ ಕಾಣುವ ಎತ್ತರದ ಇಟ್ಟಿಗೆಯ ಕೋಣೆಗಳೇ ಬ್ಯಾರನ್. ಒಳಗೆ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಸಾಲು ಸಾಲಾಗಿ ತೂಗುಹಾಕುತ್ತಾರೆ. ಹೊರಗಿನ ಒಲೆಗೆ ಐದಾರು ದಿನ, ಹಗಲೂ ರಾತ್ರಿ, ಸೌದೆ ಹಾಕುತ್ತಲೇ ಇರಬೇಕು. ಶಾಖ ಏರಿದರೆ ಸೊಪ್ಪು ಸೀಯುತ್ತದೆ, ಇಳಿದರೆ ಕಪ್ಪಾಗುತ್ತದೆ. ಒಲೆಯ ಮುಂದೆ ಕೂತವನು ಕಣ್ಣು ಮುಚ್ಚುವ ಹಾಗಿಲ್ಲ. ಚಾಮಣ್ಣ ಕಣ್ಣು ಮುಚ್ಚುತ್ತಿದ್ದ. ಮುಚ್ಚುವುದೇನು, ಬ್ಯಾರನ್ನಿನ ತಗಡು ಅದುರುವ ಹಾಗೆ ಗೊರಕೆ ಹೊಡೆಯುತ್ತಿದ್ದ. ಆದರೂ ಅವನು ಬೇಯಿಸಿದ ಸೊಪ್ಪು ಬಂಗಾರದ ಬಣ್ಣಕ್ಕೇ ಬರುತ್ತಿತ್ತು. "ಚಾಮಣ್ಣಂದು ಕೈಗುಣ ಕಣ್ಲಾ. ನಿದ್ದೇಲೂ ಬೆಂಕಿ ಕಾಯ್ತಾನೆ" ಎಂದು ಊರೆಲ್ಲ ಹೊಗಳುತ್ತಿತ್ತು.

ಕೈಗುಣ ಯಾರದೆಂದು ನೋಡಿದವರು ಯಾರೂ ಇರಲಿಲ್ಲ. ಸೊಪ್ಪಿನ ಕಾಲ ಬಂತೆಂದರೆ ಸಿದ್ದಮ್ಮಕ್ಕ ಸಂಜೆಗೇ ಅಡುಗೆ ಮುಗಿಸಿ ಒಂದು ಚಾಪೆ ಸುತ್ತಿಕೊಂಡು ಗಂಡನ ಹಿಂದೆ ಬ್ಯಾರನ್ನಿಗೆ ಹೊರಟುಬಿಡುತ್ತಿದ್ದಳು. ಅವನು ಮಲಗಿದ ಮೇಲೆ ಒಲೆಗೆ ಸೌದೆ ತಳ್ಳುತ್ತಿದ್ದವಳು ಅವಳು. ಊರು ಕಂಡದ್ದು ಚಾಪೆಯನ್ನು ಮಾತ್ರ. "ಸಿದ್ದಮ್ಮಂಗೆ ಗಂಡನ್ನ ಬುಟ್ಟು ಒಂದಿನಾನೂ ಇರಕ್ಕಾಗಕಿಲ್ಲ" ಎಂದು ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಎರಡು ಹೆರಿಗೆಯಾಗಿ ಒಂದು ಮಗು ಉಳಿದ ಹೆಂಗಸು, ತಲೆ ಬಗ್ಗಿಸಿಕೊಂಡು ನಡೆದುಹೋಗುತ್ತಿದ್ದಳು.

ನನಗೊಬ್ಬಳಿಗೆ ಹೇಳಿದ್ದಳು. "ಇವ್ರಿಗೆ ಮಲಗಿದ್ದಂಗೇ ಉಸ್ರು ನಿಂತೋಯ್ತದೆ ಶಾಜಿಯಾ. ಗೊರ್ಕೆ ಇರೋಗಂಟ ನಂಗೆ ಭಯ ಇಲ್ಲ. ಗೊರ್ಕೆ ನಿಂತಾಗ್ಲೇ ಭಯ. ಪಕ್ಕೆಗೆ ಒಂದು ತಿವುದ್ರೆ ಹೊರಳ್ತಾರೆ, ಉಸ್ರು ಬತ್ತದೆ."

"ಅತ್ತೆಗೆ ಹೇಳಕ್ಕಾ" ಎಂದೆ.

ಹೇಳಿದ್ದಳಂತೆ. ಚಿಕ್ಕಬಸಮ್ಮ ಕೈಯಲ್ಲಿದ್ದ ಮೊರ ಎಸೆದು, "ಕಟ್ಕಂಡ ಗಂಡನ ಸಾವ ಬಾಯಲ್ಲಿ ಆಡ್ತೀಯಲ್ಲೇ ಮುಂಡೆ" ಎಂದಿದ್ದಳಂತೆ. ಗಂಡನ ಉಸಿರು ನಿಲ್ಲುತ್ತದೆ ಎಂದು ಹೆಂಡತಿ ಹೇಳಬಾರದು, ಹೇಳಿದರೆ ನಿಂತೇಹೋಗುತ್ತದೆ. ಅಲ್ಲಿಂದಾಚೆಗೆ ಅವಳು ಬಾಯಿ ಹೊಲಿದುಕೊಂಡಳು. ತಿವಿಯುವುದನ್ನು ಮಾತ್ರ ಬಿಡಲಿಲ್ಲ.

ರಾತ್ರಿಯೆಲ್ಲ ಎದ್ದಿದ್ದವಳಿಗೆ ಹಗಲು ನಿದ್ದೆ ಬರದೆ ಇರುತ್ತದೆಯೇ? ಹಾಲು ಉಕ್ಕುತ್ತಿತ್ತು, ಇವಳು ಒಲೆಯ ಮುಂದೆ ತೂಕಡಿಸುತ್ತಿದ್ದಳು. ಹಗಲು ಮಲಗುವ ಸೊಸೆ ಮನೆಗೆ ದರಿದ್ರ ಎಂದು ಅತ್ತೆ ಬೀದಿಗೆ ಕೇಳುವ ಹಾಗೆ ಬೈಯುತ್ತಿದ್ದಳು. ಅವಳ ಮಗ ಚಾಮಣ್ಣ ಮಾತ್ರ ಎಲ್ಲಿ ಕೂತರೂ ನಿದ್ದೆ ಹೋಗುತ್ತಿದ್ದ. ಕೊಪ್ಪದ ಮಾರ್ಕೆಟ್ಟಿಗೆ ಹೋದಾಗ ಈರುಳ್ಳಿ ಮೂಟೆಗೆ ಒರಗಿ ಗೊರಕೆ ಹೊಡೆದವನನ್ನು ಕಂಡು, "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ, ಪುಣ್ಯವಂತ" ಎಂದು ಜನ ಹೊಟ್ಟೆಕಿಚ್ಚು ಪಟ್ಟಿದ್ದರು. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ವೇದದ ವಿಷಯ ನನಗೆ ಗೊತ್ತಿಲ್ಲ. ಈ ಗಾದೆ ಸುಳ್ಳಾದದ್ದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ. ಒಂದೇ ಮನೆಯಲ್ಲಿ ಒಂದೇ ಕಾಯಿಲೆಗೆ ಗಂಡ ಪುಣ್ಯವಂತನಾದ, ಹೆಂಡತಿ ಸೋಮಾರಿಯಾದಳು.

ಮಧ್ಯಾಹ್ನ ಅತ್ತೆ ಹೊಲಕ್ಕೆ ಹೋದ ಮೇಲೆ ಸಿದ್ದಮ್ಮಕ್ಕ ನನ್ನಲ್ಲಿಗೆ ಬರುತ್ತಿದ್ದಳು. "ಒಂದ್ ಗಳಿಗೆ ಕಣ್ಮುಚ್ಕತೀನಿ, ನೀನು ಮಿಷನ್ ತುಳೀತಿರು" ಎಂದು ಗೋಡೆಗೆ ಒರಗುತ್ತಿದ್ದಳು. ಮಿಷನ್ ಗಡಗಡ ಎನ್ನುತ್ತಿರುವಷ್ಟು ಹೊತ್ತು ಮಗುವಿನಂತೆ ಮಲಗುವಳು. ದಾರ ಕತ್ತರಿಸಲೆಂದು ನಾನು ಕಾಲು ನಿಲ್ಲಿಸಿದರೆ ಸಾಕು, ಬೆಚ್ಚಿ ಎದ್ದು ಕೂರುವಳು, ಕೈ ಪಕ್ಕದಲ್ಲಿ ಯಾರನ್ನೋ ಹುಡುಕುತ್ತಿತ್ತು. ಆಮೇಲೆ ನಾನು ಬಟ್ಟೆ ಇಲ್ಲದಿದ್ದರೂ ಸುಮ್ಮನೆ ಮಿಷನ್ ತುಳಿಯುವುದನ್ನು ಕಲಿತೆ.

ಅವಳು ಊರು ಬಿಟ್ಟದ್ದು ಮಗಳು ಪ್ರಿಯಾಳ ಮದುವೆಯ ದಿನ. ಕೆ.ಆರ್. ನಗರದ ಮಹೇಶ್‌ಕುಮಾರ್‌ಗೆ ಕೊಟ್ಟು ಇಲ್ಲೇ ಛತ್ರದಲ್ಲಿ ಧಾರೆ ಎರೆದಿದ್ದರು. ಊಟವಾದ ಮೇಲೆ ಗಂಡಸರೆಲ್ಲ ಛತ್ರದ ಹಜಾರದಲ್ಲಿ ಜಮಖಾನದ ಮೇಲೆ ಉರುಳಿಕೊಂಡರು. ಚಾಮಣ್ಣ ಬೀಗರ ಪಕ್ಕದಲ್ಲೇ ಅಂಗಾತ ಮಲಗಿ ಗೊರಕೆ ಶುರುಮಾಡಿದ. ಸಿದ್ದಮ್ಮಕ್ಕ ತಾಂಬೂಲದ ತಟ್ಟೆ ಹಿಡಿದು ಹೋಗುತ್ತಿದ್ದಳು. ಗೊರಕೆ ನಿಂತಿತು. ಅವಳೂ ನಿಂತಳು. ಅಷ್ಟು ಜನ ಗಂಡಸರ ನಡುವೆ ಬಗ್ಗಿ ಗಂಡನ ಪಕ್ಕೆಗೆ ತಿವಿದಳು.

ಬೀಗರು ಗೊಳ್ಳೆಂದರು. ಯಾರೋ, "ಬೀಗತಿಗೆ ಮಗಳ ಮದ್ವೇಲೂ ತಡ್ಕಳಕ್ಕಾಗ್ನಿಲ್ಲ" ಎಂದರು. ಚಾಮಣ್ಣ ಎದ್ದು ಕೂತ. ಮುಖ ಕೆಂಪಾಗಿತ್ತು. "ಶನಿ ಇದು, ಶನಿ. ಕಟ್ಕಂಡಾಗಿಂದ ನಂಗೆ ಒಂದಿನ ನೆಟ್ಟಗೆ ನಿದ್ದೆ ಮಾಡಕ್ಕೆ ಬುಟ್ಟಿಲ್ಲ. ಇವಳು ತೊಲಗುದ್ರೆ ನೆಮ್ಮದಿಯಾಗಿ ಮಲಗ್ತೀನಿ" ಎಂದ. ಎಲ್ಲರ ಎದುರಿಗೆ ಎಂದ.

ಸಿದ್ದಮ್ಮಕ್ಕ ಮಗಳನ್ನು ಕಳಿಸಿಕೊಟ್ಟು, ಪಾತ್ರೆಗಳನ್ನು ಎಣಿಸಿ ಒಪ್ಪಿಸಿ, ಅಣ್ಣ ಶಿವಣ್ಣನ ಜೊತೆ ಎನ್. ಬೇಗೂರಿಗೆ ಬಸ್ಸು ಹತ್ತಿದಳು. ಎರಡು ದಿನದಲ್ಲಿ ಬರುತ್ತಾಳೆ ಎಂದುಕೊಂಡೆವು. ವರ್ಷಗಳೇ ಕಳೆದವು.

ಅವಳು ಹೋದ ಮೊದಲ ಹಂಗಾಮಿನಲ್ಲೇ ಚಾಮಣ್ಣನ ಕೈಗುಣ ಕೆಟ್ಟಿತು. ಒಂದು ಬ್ಯಾರನ್ ಕಪ್ಪಾಯಿತು, ಇನ್ನೊಂದು ಸೀದುಹೋಯಿತು. ಜನ ದೃಷ್ಟಿ ಎಂದರು. ಚಾಮಣ್ಣ ನಿಂಬೆಹಣ್ಣು ಕಟ್ಟಿದ. ಮೂರನೆಯದೂ ಕೆಟ್ಟ ಮೇಲೆ ಅವನನ್ನು ಯಾರೂ ಬೆಂಕಿಗೆ ಕರೆಯಲಿಲ್ಲ. ಕೂಲಿಗೆ ಹೋದರೆ ಹಾರೆ ಹಿಡಿದೇ ತೂಕಡಿಸುತ್ತಿದ್ದ. ಬೆಳಗ್ಗೆ ತಲೆನೋವು, ಮಾತೆತ್ತಿದರೆ ಸಿಡುಕು. ನೆಮ್ಮದಿಯಾಗಿ ಮಲಗುತ್ತೇನೆ ಎಂದವನ ಮುಖ ನೋಡುವ ಹಾಗಿರಲಿಲ್ಲ.

ಹೋದ ವರ್ಷ ಮಗಳ ಮನೆಗೆ ಕೆ.ಆರ್. ನಗರಕ್ಕೆ ಹೋಗಿದ್ದಾಗ ಪ್ರಿಯಾ ನೋಡಿದಳು. ಟಿವಿ ಮುಂದೆ ಕೂತ ಅಪ್ಪ ನಿದ್ದೆ ಹೋದ, ಗೊರಕೆ ನಿಂತಿತು, ಎದೆ ಏರಲಿಲ್ಲ, ತುಟಿಯ ಬಣ್ಣ ತಿರುಗಿತು. ಅವಳು ಕಿರುಚಿಕೊಂಡಳು. ಮಾರನೆಯ ದಿನವೇ ಗಂಡನನ್ನು ಕರೆದುಕೊಂಡು ಅಪ್ಪನನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದಳು. ಮೈಗೆಲ್ಲ ವೈರ್ ಅಂಟಿಸಿ ಮಲಗಿಸಿ ನೋಡಿದರಂತೆ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಗಂಟೆಗೆ ನಲವತ್ತಕ್ಕೂ ಹೆಚ್ಚು ಸಲ ಉಸಿರು ಕಟ್ಟುತ್ತದೆ ಎಂದರಂತೆ. ರಿಪೋರ್ಟ್ ನೋಡಿದ ಡಾಕ್ಟರಮ್ಮ, "ಇಷ್ಟು ವರ್ಷ ನಿಮ್ಮ ಪಕ್ಕದಲ್ಲಿ ಯಾರು ಮಲಗ್ತಿದ್ರು? ಉಸಿರು ನಿಂತಾಗ ಅವರು ನಿಮ್ಮನ್ನ ತಟ್ಟಿ ಹೊರಳಿಸ್ತಿರಲಿಲ್ವಾ?" ಎಂದು ಕೇಳಿದರಂತೆ.

ಇದನ್ನೆಲ್ಲ ನನಗೆ ಹೇಳಿದವಳು ಪ್ರಿಯಾ. ಮನೆಗೆ ಬಂದು ಕೈಕಾಲು ತೊಳೆಯುವಾಗ ಚಾಮಣ್ಣ, "ನಿಮ್ಮವ್ವನ್ನ ಕರ್ಕಬರಬೇಕು ಕಣವ್ವ" ಎಂದನಂತೆ. ಅಲ್ಲಿಂದ ಅವನಿಗೆ ಅದೊಂದೇ ಹಟ.

ಆದರೆ ಬರಿಗೈಯಲ್ಲಿ ಹೋಗಲು ಅವನಿಗೆ ಮನಸ್ಸಾಗಲಿಲ್ಲ. ಮೊದಲು ವಾಸಿಯಾಗಬೇಕು, ಆಮೇಲೆ ಕರೆಯಬೇಕು. ಮಲಗುವಾಗ ಗಾಳಿ ಊದುವ ಒಂದು ಪೆಟ್ಟಿಗೆ ಕೊಟ್ಟಿದ್ದರು. ಅದರಿಂದ ಒಂದು ಕೊಳವೆ, ಕೊಳವೆಯ ತುದಿಗೆ ಮೂಗಿಗೆ ಬಿಗಿಯುವ ಮಾಸ್ಕು. ನಾವು ಅದನ್ನು ಉಸಿರಿನ ಮಿಷನ್ ಎನ್ನುತ್ತೇವೆ. ಕಟ್ಟಿಕೊಂಡರೆ ಒಕ್ಕಣೆಯ ಎತ್ತಿನ ಬಾಯಿಗೆ ಕುಕ್ಕೆ ಹಾಕಿದಂತೆ ಕಾಣುತ್ತಿದ್ದ. ಮೊದಮೊದಲು ನಿದ್ದೆಗಣ್ಣಿನಲ್ಲಿ ಕಿತ್ತೆಸೆಯುತ್ತಿದ್ದ. ಗಂಟಲು ಒಣಗುತ್ತದೆ ಎಂದ, ಕೆರೆಯಲ್ಲಿ ಮುಳುಗಿದ ಹಾಗಾಗುತ್ತದೆ ಎಂದ. ಕರೆಂಟು ಹೋದರೆ ಅದೂ ಇಲ್ಲ. ಇದೆಲ್ಲ ಅಭ್ಯಾಸವಾದ ಮೇಲೂ ಒಂದು ತೊಂದರೆ ಉಳಿಯಿತು. ಅವನದು ಪೊದೆ ಮೀಸೆ. ಮಾಸ್ಕು ಅದರ ಮೇಲೆ ಸರಿಯಾಗಿ ಕೂರದೆ ಗಾಳಿಯೆಲ್ಲ ಸುಯ್ ಎಂದು ಸೋರಿ ಕಣ್ಣಿಗೆ ಹೊಡೆಯುತ್ತಿತ್ತು. ಮಿಷನ್ನಿನ ಹುಡುಗ ಬಂದು ನೋಡಿ, "ಮೀಸೆ ತೆಗ್ಸಿ ಯಜಮಾನ್ರೇ, ಸರಿಹೋಗ್ತದೆ" ಎಂದ.

"ಮೀಸೆ ತೆಗ್ಸಕ್ಕೆ ನನ್ ಮನೇಲಿ ಯಾರ್ಲಾ ಸತ್ತವ್ರೆ?" ಎಂದು ಚಾಮಣ್ಣ ಅವನನ್ನು ಗದರಿ ಕಳಿಸಿದ. ಒಂದು ತಿಂಗಳು ಮೀಸೆಗೂ ಮಾಸ್ಕಿಗೂ ಜಗಳ ನಡೆಯಿತು. ಕೊನೆಗೆ ಒಂದು ಬೆಳಗ್ಗೆ ಕಟಿಂಗ್ ಶಾಪಿಗೆ ಹೋಗಿ ಕೂತ.

ಅದರ ಮಾರನೆಯ ದಿನ ನನ್ನ ಬಾಗಿಲಿಗೆ ಬಂದ. ಬರಿದಾದ ಮೇಲ್ದುಟಿ ಬೆಳ್ಳಗೆ, ಬೇರೆ ಯಾರದೋ ಮುಖದ್ದು ಎನ್ನುವ ಹಾಗಿತ್ತು. ಕಣ್ಣು ಮಾತ್ರ ತಿಳಿಯಾಗಿದ್ದವು. "ನಿದ್ದೆ ಅಂದ್ರೆ ಇದಾ ಶಾಜಿಯಾ?" ಎಂದ. "ನಾನು ಇದ ಅವಳಿಂದ ಕಿತ್ಕಂಡ್ನಲ್ಲ" ಎಂದ. ಅಷ್ಟರಲ್ಲಿ ರೇಣುಕಾಪ್ರಸಾದನ ಫೋನಿನ ಕಥೆ ಬೀದಿಗೆ ಬಂತು. ಬದುಕಿರುವವಳಿಗೆ ತಿಥಿ ಮಾಡಿದ ಹಾಗಾಯಿತಲ್ಲ, ಹೋಗಿ ಹೇಳದೆ ಹೇಗಿರಲಿ ಎಂದ ಚಾಮಣ್ಣ. ನೀನು ಬಂದರೆ ಅವಳು ಒಳಗೆ ಕರೆಯುತ್ತಾಳೆ ಎಂದು ನನ್ನನ್ನೂ ಹೊರಡಿಸಿದ.

ಹುಣಸೂರಿನಲ್ಲಿ ಬಸ್ಸು ಬದಲಿಸಿ, ಎಚ್.ಡಿ. ಕೋಟೆಯಲ್ಲಿ ಇನ್ನೊಮ್ಮೆ ಬದಲಿಸಿ ಹೋದೆವು. ದಾರಿಯುದ್ದಕ್ಕೂ ಚಾಮಣ್ಣ ಉಸಿರಿನ ಮಿಷನ್ನಿನ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಸಿದ್ದಮ್ಮಕ್ಕನನ್ನು ನೋಡಿ ನನಗೆ ಗುರುತೇ ಸಿಗಲಿಲ್ಲ. ಕಣ್ಣಿನ ಕೆಳಗಿನ ಕಪ್ಪು ಹೋಗಿತ್ತು, ಕೆನ್ನೆ ತುಂಬಿತ್ತು. ನನ್ನನ್ನು ತಬ್ಬಿಕೊಂಡಳು. ಗಂಡನ ಮುಖ ನೋಡಿ, "ನನ್ ತಿಥಿಗೆ ಏನೇನ್ ಅಡ್ಗೆ ಮಾಡ್ಸಿದ್ರಿ?" ಎಂದಳು. ಶಿವಣ್ಣ ನಕ್ಕ. ಚಾಮಣ್ಣ ನಗಲಿಲ್ಲ.

ಊಟವಾದ ಮೇಲೆ ಅವನು ಚೀಲ ಬಿಚ್ಚಿದ. ಕರೆಂಟಿರಲಿಲ್ಲ. ಬರೀ ಮಾಸ್ಕು ಕಟ್ಟಿಕೊಂಡು ತೋರಿಸಿದ. ಡಾಕ್ಟರಮ್ಮ ಕೇಳಿದ ಪ್ರಶ್ನೆ ಹೇಳಿದ. "ತಪ್ಪಾಯ್ತು ಕಣಮ್ಮಿ. ಛತ್ರದಲ್ಲಿ ನಾನಂಗೆ ಅನ್ನಬಾರ್ದಾಗಿತ್ತು. ಉಸ್ರು ಕೊಟ್ಟೋಳ್ನೇ ಶನಿ ಅಂದ್ಬುಟ್ಟೆ" ಎಂದ.

ಅವಳು ಮಾಸ್ಕನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ನೋಡಿದಳು. "ಇದು ತಿವೀತದಾ?"

"ಇಲ್ಲ. ಗಾಳಿ ಊದ್ತದೆ. ಉಸ್ರು ನಿಲ್ಲಾಕೇ ಬುಡಕಿಲ್ಲ. ಗೊರ್ಕೆನೂ ಇಲ್ಲ. ನೀನು ಬಾ. ಇನ್ಮೇಲೆ ನಿಂಗೆ ಯಾವ್ ಕಾಟಾನೂ ಇಲ್ಲ."

"ಬಸ್ಸು ನಾಕು ಗಂಟೆಗೆ. ಒಂಚೂರು ಮಲೀಕಳಿ" ಎಂದಳು, ಅಷ್ಟೆ.

ಅವನು ಜಗಲಿಯ ಮೇಲೆ ಟವೆಲ್ ಹಾಸಿ ಅಡ್ಡಾದ. ಮಿಷನ್ ಇಲ್ಲದ ನಿದ್ದೆ, ಹಳೆಯ ಗೊರಕೆ ಬಂತು. ನಾನೂ ಅವಳೂ ಪಕ್ಕದಲ್ಲಿ ಕೂತು ಶುಂಠಿಯ ಮಣ್ಣು ಬಿಡಿಸುತ್ತ ಊರಿನ ಮಾತಾಡಿದೆವು. ಮಾತಿನ ನಡುವೆ ಗೊರಕೆ ನಿಂತಿತು. ನಾನಿನ್ನೂ ಅದನ್ನು ಗಮನಿಸುವ ಮೊದಲೇ ಅವಳ ಎಡಗೈ ಹಿಂದಕ್ಕೆ ಹೋಗಿ, ನೋಡದೆಯೇ, ಅವನ ಪಕ್ಕೆಯನ್ನು ಸರಿಯಾಗಿ ಮುಟ್ಟಿತು.

"ಉಸ್ರು ತಗಳಿ" ಎಂದಳು ಮೆಲ್ಲಗೆ. "ಏಳ್ಬ್ಯಾಡಿ. ಉಸ್ರು ತಗಳಿ ಅಷ್ಟೆ."

ಅವನು ಹೊರಳಿದ. ಅವಳ ಬಲಗೈ ಶುಂಠಿ ಬಿಡಿಸುತ್ತಲೇ ಇತ್ತು. ಮತ್ತೆ ನಿಂತಿತು, ಮತ್ತೆ ತಿವಿದಳು, ಮತ್ತೆ ಅದೇ ಮಾತು. ಅಷ್ಟು ವರ್ಷ ಪ್ರತಿ ತಿವಿತದ ಜೊತೆಗೂ ಒಂದು ಮಾತಿತ್ತು ಎಂಬುದು ನನಗೂ ಅವತ್ತೇ ಗೊತ್ತಾದದ್ದು. ಕೇಳಿಸಿಕೊಳ್ಳಬೇಕಾದವನು ನಿದ್ದೆಯಲ್ಲಿದ್ದ.

"ನೋಡ್ದಾ ಶಾಜಿಯಾ" ಎಂದಳು. "ಅವ್ರು ಬಂದು ಊಟ ಮಾಡೋದ್ರೊಳಗೇ ಈ ಕೈ ಅದ್ರ ಕೆಲ್ಸ ಶುರು ಮಾಡ್ಕತು. ಅವ್ರ ಮೇಲೆ ನಂಗೆ ಸಿಟ್ಟಿಲ್ಲ. ಆದ್ರೆ ನಾನು ಬರಕಿಲ್ಲ. ಗೊರ್ಕೆ ಇಲ್ದೆ ಮಲಗ್ತಾರಂತೆ. ಸದ್ದಿಲ್ಲ ಅಂದ್ರೆ ನಂಗೆ ನಿದ್ದೆ ಬತ್ತದಾ, ನೀನೇ ಹೇಳು? ಮಿಷನ್ ಕೆಲ್ಸ ಮಾಡ್ತದೋ ಇಲ್ವೋ ಅಂತ ಬೆಳಗ್ಗೆಗಂಟ ಅದ್ನೇ ಕಾಯ್ತಾ ಕೂತಿರ್ತೀನಿ. ಇಲ್ಲಿಗೆ ಬಂದ ಹೊಸ್ತ್ರಲ್ಲಿ ನಾನು ಬರೀ ನಿದ್ದೆ ಮಾಡ್ದೆ. ಅಣ್ಣ ಹೆದರ್ಕಂಡು ಡಾಕ್ಟ್ರನ್ನ ಕರ್ಸಿದ. ಇಷ್ಟು ವರ್ಷ ಆಯ್ತು, ನಂಗಿನ್ನೂ ನಿದ್ದೆ ತೀರಿಲ್ಲ ಕಣೆ."

ನಾನು ತಿರುಗಿ ನೋಡಿದೆ. ಚಾಮಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಗೊರಕೆಯೂ ಇರಲಿಲ್ಲ, ಉಸಿರು ನಿಂತೂ ಇರಲಿಲ್ಲ. ಎಚ್ಚರವಾಗಿದ್ದ. ಅದು ಅವಳಿಗೂ ಗೊತ್ತಿತ್ತು ಅನ್ನಿಸುತ್ತದೆ, ಉಸಿರು ಬಲ್ಲವಳಲ್ಲವೇ.

ಸ್ವಲ್ಪ ಹೊತ್ತಿಗೆ ಎದ್ದು ಮುಖ ತೊಳೆದ. "ಬಸ್ಗೆ ಹೊತ್ತಾಯ್ತು" ಎಂದ. ಬಾ ಎಂದು ಮತ್ತೆ ಕರೆಯಲಿಲ್ಲ. ಅವಳು ಚೀಲಕ್ಕೆ ಒಂದಿಷ್ಟು ಶುಂಠಿ ಹಾಕಿ, "ಕರೆಂಟ್ ಹೋದ್ರೆ ಮಗ್ಗುಲಾಗಿ ಮಲೀಕಳಿ, ಅಂಗಾತ ಬ್ಯಾಡ" ಎಂದಳು. ಅವನು ತಲೆಯಾಡಿಸಿದ.

ಬಸ್ಸಿನಲ್ಲಿ ನಾನು ಅವನ ಹಿಂದಿನ ಸೀಟಿನಲ್ಲಿ ಕೂತೆ. ಕೋಟೆ ದಾಟುತ್ತಲೇ ಅವನ ತಲೆ ಕಿಟಕಿಗೆ ವಾಲಿತು. ಗೊರಕೆ ಶುರುವಾಯಿತು, ನಿಂತಿತು. ನಾನು ಕಾದೆ. ಬರಲಿಲ್ಲ. ಛತ್ರಿಯ ಹಿಡಿಯಿಂದ ಅವನ ಹೆಗಲಿಗೆ ತಿವಿದೆ. ಉಸಿರು ಬಂತು. ಮತ್ತೆ ಹಾಗೆಯೇ. ಹೊರಗೆ ನೋಡುವ ಹಾಗಿಲ್ಲ, ಕಣ್ಣು ಮುಚ್ಚುವ ಹಾಗಿಲ್ಲ, ಪಕ್ಕದವಳು ಮಾತಾಡಿಸಿದರೆ ಕಿವಿಗೆ ಬೀಳುತ್ತಿರಲಿಲ್ಲ. ಹುಣಸೂರು ಬರುವಷ್ಟರಲ್ಲಿ ನನ್ನ ಕುತ್ತಿಗೆ ಸೆಟೆದುಕೊಂಡಿತ್ತು, ಕಣ್ಣು ಉರಿಯುತ್ತಿದ್ದವು. ಅವನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಅದು ಒಂದು ಬಸ್ಸಿನ ದಾರಿ, ಅದೂ ಹಗಲು.

ಬೆಟ್ಟದಪುರದಲ್ಲಿ ಇಳಿದಾಗ ಅಂಗಡಿಯ ಮುಂದೆ ಕರಿಯಯ್ಯ ಕೂತಿದ್ದ. ಬೇರೆ ಊರಿಗೆ ಕೂಲಿಗೆ ಹೋಗಿ ಅವತ್ತೇ ಬಂದವನು, ಕಥೆ ಗೊತ್ತಿರಲಿಲ್ಲ. ಚಾಮಣ್ಣನ ಮುಖ ನೋಡಿ ಗಾಬರಿಯಾಗಿ ಎದ್ದು ನಿಂತ.

"ಇದೇನ್ ಚಾಮಣ್ಣ, ಯಾರು ಹೋದ್ರು?"

ಚಾಮಣ್ಣ ಬೋಳು ತುಟಿಯನ್ನು ಒಮ್ಮೆ ಸವರಿಕೊಂಡ.

"ಹೋದೋಳು ಚೆನ್ನಾಗವಳೆ ಕಣ್ಲಾ" ಎಂದ. "ನಿದ್ದೆ ಮಾಡ್ತಾವಳೆ. ಯಾರೂ ಫೋನ್ ಮಾಡಿ ಎಬ್ಬುಸ್ಬ್ಯಾಡಿ."